ಏಳೂವರೆನೇ ಕಪಾಟು

ಜೂನ್ ೩, ಸೋಮವಾರ

ಇದು ಅನ್ಯಾಯ. ನಾವು ನಾಲ್ಕಾರು ಜನ ಕಟ್ಟಿ, ಎಲ್ಲರಿಗೂ ಪುಕ್ಕಟೆ ಹಂಚುವ ಆಪರೇಟಿಂಗ್ ಸಿಸ್ಟಂನಿಂದ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಆವೃತ್ತಿಯನ್ನು ಕಿತ್ತುಹಾಕುತ್ತಾರಂತೆ. ಮೂವತ್ತನೇ ತಾರೀಖು ಕಡೆ. ಆಮೇಲೆ ಅದರಲ್ಲಿ ಬರೆದದ್ದು ಯಾವುದೂ ಓಡುವುದಿಲ್ಲ. ವಾಚನಾಲಯದಲ್ಲಿ ಪುಸ್ತಕ ಹುಡುಕಿಕೊಡುವ ಪ್ರೋಗ್ರಾಂ ಕೂಡ. ಅಕ್ಕ ಬರೆದದ್ದು.

ಸಭೆಯಲ್ಲಿ ಕೂಗಾಡಿದೆ. ಹಳೇ ಕಂಪ್ಯೂಟರಿನ ಬಡವರಿಗೆ ಯಾರು ಗತಿ ಎಂದೆ. ಓದಿದ ಕರಪತ್ರಗಳನ್ನೆಲ್ಲ ಒಪ್ಪಿಸಿದೆ. ಮೇಷ್ಟ್ರು — ಗುಂಪಿನ ಹಿರಿಯರು — ಟೀ ಲೋಟ ಕೆಳಗಿಟ್ಟರು.

"ಭಾಷಣ ಆಯ್ತೇನಮ್ಮಾ? ಆ ಹಳೇ ಆವೃತ್ತಿಯ ತೂತು ಮುಚ್ಚೋರು ಈಗ ಯಾರೂ ಉಳಿದಿಲ್ಲ. ಕಳ್ಳರಿಗೆ ಬಾಗಿಲು ತೆಗೆದಿಟ್ಟ ಹಾಗೆ. ನೀನು ಮುಚ್ತೀಯಾ?"

ಚೀಲ ಎತ್ತಿಕೊಂಡು ಮನೆಗೆ ಬಂದೆ.

ಜೂನ್ ೪

ಮೇಷ್ಟ್ರು ಹೇಳಿದ್ದು ಸರಿ. ಒಪ್ಪಿಕೊಳ್ಳಲು ಮನಸ್ಸಿಲ್ಲ. ಪ್ರೋಗ್ರಾಂ ಅನ್ನು ಹೊಸ ಆವೃತ್ತಿಗೆ ನಾನೇ ಬದಲಿಸುತ್ತೇನೆ. ಅಕ್ಕನನ್ನು ಕೇಳುವ ಮಾತೇ ಇಲ್ಲ. ಮೂರು ವರ್ಷದ ಹಿಂದೆ, "ಈ ಕೋಡ್ ಬರೆಯೋದು ಸಾಕಾಗಿದೆ ಕಣೇ, ನಂಗೆ ಮರಗೆಲಸ ಕಲೀಬೇಕು" ಎಂದಳು. ಸಭೆಯಲ್ಲಿ ಎಲ್ಲರೆದುರು ದ್ರೋಹಿ ಎಂದೆ. ಮನೆಗೆ ಬಂದು ತನ್ನ ಕುರ್ಚಿಯನ್ನು ಮೇಜಿನಡಿಗೆ ತಳ್ಳಿ, ಪಕ್ಕದ ಊರಿಗೆ ಹೊರಟುಹೋದಳು. ಕುರ್ಚಿ ಇವತ್ತಿಗೂ ಹಾಗೇ ಇದೆ.

ಜೂನ್ ೧೨, ಮಧ್ಯಾಹ್ನ

ಎಂಟು ದಿನದಿಂದ ಅವಳ ಕೋಡ್ ಓದುತ್ತಿದ್ದೇನೆ. ಪಕ್ಕದಲ್ಲೇ ಕೂತ ಹಾಗಿದೆ. ಸಾಲುಗಳ ನಡುವೆ ಟಿಪ್ಪಣಿಗಳು — "ತಲೆ ಕೆಟ್ಟಿದೆ, ನಾಳೆ ನೋಡ್ತೀನಿ." "ಈ ಸಾಲು ಕೊಳಕು, ಯಾರಿಗೂ ಹೇಳ್ಬೇಡಿ." ಒಬ್ಬಳೇ ನಕ್ಕೆ. ಅಮ್ಮ ಇಣುಕಿದಳು.

"ಯಾರು ಬಂದಿದ್ದಾರೆ?"

"ಯಾರೂ ಇಲ್ಲ."

ಅಮ್ಮನ ಕಣ್ಣು ಕುರ್ಚಿಯ ಮೇಲೆ ಹೋಯಿತು.

ಜೂನ್ ೨೦

ಓಡಿತು! ಎದೆಯುಬ್ಬಿಸಿಕೊಂಡು ವಾಚನಾಲಯಕ್ಕೆ ಒಯ್ದೆ. ಗ್ರಂಥಪಾಲಕಿ ಮುನ್ನೂರನೇ ನಂಬರಿನ ಪುಸ್ತಕ ಹುಡುಕಿದರು.

"ಏಳೂವರೆನೇ ಕಪಾಟಲ್ಲಿದೆಯಂತೆ. ಅರ್ಧ ಕಪಾಟು ಎಲ್ಲಿಂದ ತರಲಿ ತಾಯಿ? ನಿಮ್ಮಕ್ಕನ್ನ ಕೇಳು, ಮಾಡಿಕೊಡ್ತಾಳೇನೋ."

ಪೇಪರ್ ಓದುತ್ತಿದ್ದವರೆಲ್ಲ ನಕ್ಕರು.

ಕಪಾಟಿಗೆ ನಲವತ್ತು ಪುಸ್ತಕ, ಎಣಿಕೆ ಸೊನ್ನೆಯಿಂದ. ನಂಬರನ್ನು ನಲವತ್ತರಿಂದ ಭಾಗಿಸಿದರೆ ಕಪಾಟು ಸಿಗುತ್ತದೆ. ಹಳೆಯ ಆವೃತ್ತಿ ಉಳಿದ ಚೂರನ್ನು ತಾನೇ ಬಿಟ್ಟುಬಿಡುತ್ತಿತ್ತು. ಹೊಸದು ಚೂರನ್ನೂ ಬಿಡುವುದಿಲ್ಲ. ನನ್ನ ಹಾಗೆ.

ಆ ಸಾಲಿನ ಮೇಲೂ ಒಂದು ಟಿಪ್ಪಣಿ. ಅವಸರದಲ್ಲಿ ನೋಡಿರಲಿಲ್ಲ. "ಚೂಟಿ, ಇದನ್ನ ಮುಟ್ಟೋ ಮುಂಚೆ ನನ್ನ ಕೇಳು."

ಚೂಟಿ ಅಂದರೆ ನಾನು. ಹಾಗೆ ಕರೆಯುವವಳು ಅವಳೊಬ್ಬಳೇ.

ಜೂನ್ ೨೬

ಸರಿಪಡಿಸಲು ಭಾಗಾಕಾರದ ಓರೆಗೆರೆಯ ಪಕ್ಕ ಇನ್ನೊಂದು ಓರೆಗೆರೆ ಎಳೆದರೆ ಸಾಕು, ಚೂರು ಬಿಟ್ಟುಹೋಗುತ್ತದೆ. ವಾಚನಾಲಯದಿಂದ ಬಂದ ದಿನವೇ ಗೊತ್ತಾಗಿತ್ತು. ಆರು ದಿನವಾದರೂ ಹಾಕಲಿಲ್ಲ. ಗ್ರಂಥಪಾಲಕಿ ಎರಡು ಸಲ ಫೋನ್ ಮಾಡಿದರು. ಇನ್ನು ನಾಲ್ಕೇ ದಿನ...

ಅಕ್ಕನಿಗೆ ಮೆಸೇಜ್ ಬರೆದೆ. ಅಳಿಸಿದೆ. ಬರೆದೆ. ತಪ್ಪಾಯಿತು ಎಂಬ ಪದಕ್ಕೆ ಬೆರಳು ಏಳಲಿಲ್ಲ. "ಅಕ್ಕಾ, ಕಪಾಟಿನ ಸಾಲು ಮುಟ್ಟಲಾ?" ಅಷ್ಟೇ ಕಳಿಸಿದೆ.

ಜೂನ್ ೨೭, ಗುರುವಾರ, ಬೆಳಿಗ್ಗೆ ೭

ಉತ್ತರ ಬಂದಿದೆ.

"ಒಂದು ಗೆರೆ ಎಳೆಯೋಕೆ ಬರಲ್ವೇನೇ ಕ್ರಾಂತಿಕಾರಿ? ಮುಟ್ಟಬೇಡ, ಶನಿವಾರ ಹತ್ತರ ಬಸ್ಸಿಗೆ ಬರ್ತೀನಿ. ಕುರ್ಚಿ ಕಾಲು ಇನ್ನೂ ಅಲ್ಲಾಡುತ್ತಾ? ಉಳಿ, ಸುತ್ತಿಗೆ ತರ್ತೀನಿ."

ಕುರ್ಚಿಯನ್ನು ಹೊರಗೆಳೆದೆ. ಧೂಳು ಒರೆಸಿದೆ. ಕೂತು ನೋಡಿದೆ. ಅಲ್ಲಾಡುತ್ತದೆ.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಬಸ್ ನಿಲ್ದಾಣದ ಗೇಟಿನ ಹತ್ತಿರ ನಿಂತಿರುತ್ತೇನೆ.