ಈ ವರ್ಷ ಕೋಳಿ ಎಣಿಸಲಿಲ್ಲ

ಅಗೂನಿ,
ಜನವರಿ ೧೫

ಪ್ರೀತಿಯ ಮೊಕ್ರಾನ್ ಅಣ್ಣನಿಗೆ,

ಹೊಸ ವರ್ಷ ನಿನಗೆ ಒಳ್ಳೆಯದನ್ನೇ ತರಲಿ. ಹಾರೈಕೆ ತಡವಾಯಿತು, ಕ್ಷಮಿಸು. ಹಬ್ಬದ ದಿನ ನೀನು ಫೋನ್ ಮಾಡಿದಾಗ ಅಮ್ಮ, ಈ ಸಲ ಕೋಳಿ ಕೊಯ್ದಿಲ್ಲ ಎಂದಷ್ಟೇ ಹೇಳಿ, ಅದನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋಗಿಬಿಟ್ಟಳು. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ, ನಿನಗೆ ಗೊತ್ತು. ನಾನು ‘ಹೂಂ’ ಎನ್ನುವಷ್ಟರಲ್ಲಿ ನೀನು, “ಮನೆಗೆ ಅಂತ ಇರೋದು ನಾನೊಬ್ಬನೇ ಗಂಡಸು. ನನ್ನ ಹೆಸರಿಗೆ ಒಂದು ಹುಂಜ ಕೊಯ್ಯೋಕೆ ಆಗಲಿಲ್ವಾ? ನನ್ನನ್ನ ಎಣಿಸೋದೇ ಬಿಟ್ರಾ?” ಎಂದು ಕೇಳಿ ಇಟ್ಟುಬಿಟ್ಟೆ. ಅದಕ್ಕೆ ಉತ್ತರ ಬರೆಯುತ್ತಿದ್ದೇನೆ. ಧಹಬಿಯಾ ದೊಡ್ಡಮ್ಮನ ಅಳಿಯ ನಾಳೆ ನಿಮ್ಮ ತೈಲಬಾವಿಗೆ ಮರಳುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ.

ಬರೀ ತರಕಾರಿಯ ಹಬ್ಬ ಅಮ್ಮನದೇ ಯೋಚನೆ. “ಈ ಸಲ ಕೊಯ್ಯೋದು, ಪುಕ್ಕ ಕೀಳೋದು ಯಾವುದೂ ಬೇಡ. ನನ್ನ ಮಂಡಿ ಕೇಳಲ್ಲ. ಹೊಲದಲ್ಲಿ ಈಗ ಏನಿದೆಯೋ ಅಷ್ಟೇ, ಒಂದೇ ಪಾತ್ರೆ” ಎಂದಳು. ಮಂಡಿಯ ಮಾತನ್ನು ನಾನು ನಂಬಲಿಲ್ಲ. ಹಿಂದಿನ ದಿನವಷ್ಟೇ ಅವಳು ಆಲಿವ್ ಮರ ಹತ್ತಿದ್ದಳು.

ಅಷ್ಟು ಹೊತ್ತಿಗೆ ಫರೂಜಾ ಅತ್ತಿಗೆ ಚೀಲ ಕಟ್ಟಿಟ್ಟಿದ್ದಳು. ನವೆಂಬರಿನಲ್ಲಿ ಹೊಟ್ಟೆಯಲ್ಲಿದ್ದ ಮಗು ಹೋದ ಮೇಲೆ ಅವಳು ನಮ್ಮ ಜೊತೆ ಕೂತು ಉಂಡದ್ದೇ ಇಲ್ಲ. ನೀನು ಎರಡು ದಿನ ಇದ್ದು ಹೋದೆ, ಆಮೇಲಿನದು ನಿನಗೆ ಗೊತ್ತಿರಲಾರದು. ಹಬ್ಬಕ್ಕೆ ತವರಿಗೆ ಹೋಗುತ್ತೇನೆ ಎಂದಳು. ಯಾವಾಗ ಬರುತ್ತೇನೆಂದು ಹೇಳಲಿಲ್ಲ. ಅಮ್ಮ ತಡೆಯಲೂ ಇಲ್ಲ.

“ಹೋಗಮ್ಮ, ಯಾರು ಬೇಡ ಅಂದ್ರು? ಆದ್ರೆ ಮುಳ್ಳುದಂಟಿನ ನಾರು ಯಾರು ತೆಗೀತಾರೆ? ಇವಳ ಕೈಗೆ ಕೊಟ್ರೆ ಹಗ್ಗ ಅಗಿದ ಹಾಗಿರತ್ತೆ. ಇವಳು ಪುಸ್ತಕ ಬಿಡಿಸೋಳು, ದಂಟು ಬಿಡಿಸೋಳಲ್ಲ.”

‘ಇವಳು’ ಎಂದರೆ ನಾನು. ಅತ್ತಿಗೆ ಚೀಲವನ್ನು ಬಾಗಿಲ ಬಳಿಯೇ ಬಿಟ್ಟು, ಅಂಗಳಕ್ಕೆ ಬೆನ್ನು ಹಾಕಿ ದಂಟು ಬಿಡಿಸಲು ಕೂತಳು.

ಕೆಲಸ ಹಗುರವಾಗಿಯೇ ಇತ್ತು. ಕಡಲೆ, ಒಣ ಅವರೆ ಹಿಂದಿನ ದಿನವೇ ನೆನೆದಿದ್ದವು. ಕುಸ್‌ಕುಸ್ ಬೇಸಿಗೆಯಲ್ಲಿ ರವೆ ಹೊಸೆದು ಒಣಗಿಸಿಟ್ಟದ್ದು, ಹಬೆಯಲ್ಲಿ ಬೇಯಿಸಿದರೆ ಆಯಿತು. ಟರ್ನಿಪ್, ಗಜ್ಜರಿ ನಾನು ಹೆಚ್ಚಿದೆ. ಎಲೆಕೋಸು, ಕುಂಬಳ ಅಮ್ಮನದು. ಅತ್ತಿಗೆ ಒಂದೊಂದು ದಂಟನ್ನೂ ಬೆಳಕಿಗೆ ಹಿಡಿದು ನೋಡಿ, ಕಪ್ಪಾಗದಂತೆ ನಿಂಬೆರಸದ ನೀರಿಗೆ ಹಾಕುತ್ತಿದ್ದಳು. ಆಮೇಲೆ ತಾನಾಗಿಯೇ, “ಅತ್ತೆ, ಕುಂಬಳ ಈಗಲೇ ಹಾಕಬೇಡಿ, ಕರಗಿಹೋಗತ್ತೆ” ಎಂದಳು. “ಹೌದಾ? ಹಾಗಾದ್ರೆ ನೀನೇ ಹಾಕು” ಎಂದಳು ಅಮ್ಮ. ನಲವತ್ತು ವರ್ಷ ಕುಂಬಳ ಬೇಯಿಸಿದವಳು.

ಅಷ್ಟರಲ್ಲಿ ಧಹಬಿಯಾ ದೊಡ್ಡಮ್ಮ ಬಂದಳು. ಪಾತ್ರೆಯ ಮುಚ್ಚಳ ತೆಗೆದು ಮೂಗು ಮುರಿದಳು.

“ಇದೇನೇ, ಹಬ್ಬವೋ ಪಥ್ಯವೋ? ಗಂಡಸಿಗೊಂದು ಹುಂಜ, ಹೆಂಗಸಿಗೊಂದು ಹೇಂಟೆ, ಬಸುರಿಗೆ ಎರಡೂ. ಲೆಕ್ಕ ತಪ್ಪಿದ್ರೆ ವರ್ಷವೆಲ್ಲ—”

ಅಷ್ಟರಲ್ಲಿ ಅವಳ ಕಣ್ಣಿಗೆ ಅತ್ತಿಗೆ ಬಿದ್ದಳು.

“ಈ ವರ್ಷ ಎಣಿಸಲ್ಲ ಕಣೇ ಧಹಬಿಯಾ. ಬಾಯಿ ಮುಚ್ಚು, ಪಾತ್ರೆನೂ ಮುಚ್ಚು. ಹಬೆ ಹೋಗತ್ತೆ.”

ಅಣ್ಣ, ನಿನಗೆ ಗೊತ್ತಿಲ್ಲದ್ದು ಒಂದಿದೆ. ಅಕ್ಟೋಬರಿನಲ್ಲಿಯೇ ಅಮ್ಮ ಒಂದು ಹುಂಜ, ಒಂದು ಹೇಂಟೆ ಆರಿಸಿ, ಅತ್ತಿಗೆಗೆಂದು ಅವುಗಳ ಕಾಲಿಗೆ ಕೆಂಪು ದಾರ ಕಟ್ಟಿದ್ದಳು. ಅವೆರಡೂ ಇನ್ನೂ ಅಂಗಳದಲ್ಲಿ ಓಡಾಡುತ್ತಿವೆ. ದಾರ ಬಿಚ್ಚಲು ಯಾರಿಗೂ ಕೈ ಬಂದಿಲ್ಲ. ಒಂದು ಕೋಳಿ ಕೊಯ್ದರೂ ಎಣಿಕೆ ಶುರುವಾಗುತ್ತಿತ್ತು: ಅತ್ತಿಗೆಗೆ ಒಂದೋ, ಎರಡೋ? ಯಾವುದನ್ನು ಹೇಳಿದರೂ ಅವಳು ಕೇಳಿಸಿಕೊಳ್ಳಬೇಕಿತ್ತು. ನಿನ್ನ ಹುಂಜ ತಪ್ಪಿದ್ದು ಅದಕ್ಕೆ.

ಸಂಜೆ ಅತ್ತಿಗೆ ನಮ್ಮ ಜೊತೆ ದೊಡ್ಡ ಮರದ ತಟ್ಟೆಯ ಸುತ್ತ ಕೂತಳು. ಹೆಚ್ಚೇನೂ ತಿನ್ನಲಿಲ್ಲ. ದಂಟು ಬೆಣ್ಣೆಯಂತಿತ್ತು ಎಂದು ನಾನು ಹೇಳಿದೆ. “ಹಗ್ಗ ಅಲ್ವಲ್ಲ?” ಎಂದಳು. ಅವಳ ಚೀಲ ಇನ್ನೂ ಬಾಗಿಲ ಬಳಿಯೇ ಇದೆ. ನಿನ್ನೆ ಚಳಿಗೆ ಅದರಿಂದ ಶಾಲೊಂದನ್ನು ಹೊರಗೆ ತೆಗೆದಳು, ಅಷ್ಟೇ.

ಅಮ್ಮನ ಆಶೀರ್ವಾದಗಳು. ಮರಳುಗಾಳಿಯಲ್ಲಿ ತಲೆಗೆ ಬಟ್ಟೆ ಸುತ್ತಿಕೋ ಎನ್ನುತ್ತಾಳೆ. ದೇವರು ನಿನ್ನನ್ನು ಕ್ಷೇಮವಾಗಿಡಲಿ.

ನಿನ್ನ ತಂಗಿ,
ತಾವೂಸ್

ಮರೆತಿದ್ದೆ: ನಿನ್ನನ್ನು ಎಣಿಸಿದೆವು. ಊರಲ್ಲಿಲ್ಲದವರಿಗೆಂದು ತಟ್ಟೆಯಲ್ಲಿ ಚಮಚ ನೆಡುವಾಗ ನಿನ್ನದನ್ನು ಅತ್ತಿಗೆಯೇ ನೆಟ್ಟಳು. ಆಮೇಲೆ ಎದ್ದು ಹೋಗಿ ಕಾಫಿಯ ಪುಟ್ಟ ಚಮಚವೊಂದನ್ನು ತಂದು ಅದರ ಪಕ್ಕದಲ್ಲಿ ನೆಟ್ಟಳು. ಅಮ್ಮ ತನ್ನ ಮುಂದಿದ್ದ ಕುಂಬಳದ ಹೋಳನ್ನು ಆ ಚಮಚದ ಬುಡಕ್ಕೆ ಸರಿಸಿದಳು. ಬೆಳಿಗ್ಗೆ ಎರಡನ್ನೂ ತೊಳೆದವಳು ನಾನು. ಚಿಕ್ಕದನ್ನು ಕಾಫಿಯ ಚಮಚಗಳೊಳಗೆ ಮತ್ತೆ ಬೆರೆಸಲು ಮನಸ್ಸಾಗಲಿಲ್ಲ. ನಿನ್ನದರ ಜೊತೆಗೇ ಇಟ್ಟಿದ್ದೇನೆ.