ಟೆಂಪ್ ಮನೆತನದ ಖಾಲಿ ಕಲಂ

ಮೇಲ್ದಂಡೆ, ಫೆಬ್ರವರಿ 30, 2231

ಸನ್ಮಾನ್ಯ ಗವಿಸಿದ್ದಪ್ಪ ಅಂಗಡಿಯವರಿಗೆ, ಹೆಸರುಗಟ್ಟೆಯ ಪಾಲಕಿ ನೀಲಗಂಗಾ ಹೂಗಾರ ಮಾಡುವ ನಮಸ್ಕಾರಗಳು. ತಾರೀಕು ತಪ್ಪಿಲ್ಲ, ನಾವು ತಿಂಗಳುಗಳನ್ನೆಲ್ಲ ಸಮ ಮಾಡಿಕೊಂಡು ಎಂಬತ್ತು ವರ್ಷವಾಯಿತು. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಕಡತಗಳಿಂದ ಕಲಿತವಳು. ಎಲ್ಲಾದರೂ ಮಾತು ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹೆಸರುಗಟ್ಟೆ ಎಂದರೆ ಇನ್ನೂರು ವರ್ಷದ ಹಿಂದೆ ನೀವು ನಡೆಸುತ್ತಿದ್ದ, ಡೈರೆಕ್ಟರಿ ಸರ್ವರ್ ಎನ್ನುತ್ತಿದ್ದುದೇ. ನಿಮ್ಮ ಕಚೇರಿಯಲ್ಲಿ ಯಾರು ಯಾವ ಕಂಪ್ಯೂಟರಿಗೆ ಲಾಗಿನ್ ಆಗಬಹುದು ಎಂದಷ್ಟೇ ಅದು ನೋಡಿಕೊಳ್ಳುತ್ತಿತ್ತು. ನಮ್ಮಲ್ಲಿ ನೀರಿನ ನಲ್ಲಿ, ದವಾಖಾನೆಯ ಬಾಗಿಲು, ಶಾಲೆಯ ಗೇಟು ಎಲ್ಲವೂ ಅದನ್ನು ಕೇಳಿಯೇ ತೆರೆಯುತ್ತವೆ. ಯಂತ್ರ ಹತ್ತು ಸಲ ಬದಲಾಗಿದೆ, ಒಳಗಿನ ಪಟ್ಟಿ ಮಾತ್ರ ನಿಮ್ಮದೇ, ಒಂದರಿಂದ ಒಂದಕ್ಕೆ ನಕಲಾಗುತ್ತ ಬಂದದ್ದು. ಬೆಳಿಗ್ಗೆ ಬಂದವಳೇ ಹುಡುಕುವ ಜಾಗದಲ್ಲಿ ಎಲ್ಲರೂ ಎಂಬರ್ಥದ ಒಂದು ನಕ್ಷತ್ರ ಚಿಹ್ನೆ ಹಾಕುತ್ತೇನೆ, ಊರಿನ ಆರು ಸಾವಿರ ಜನ ಪರದೆಯ ಮೇಲೆ ಸಾಲಾಗಿ ಬಂದು ನಿಲ್ಲುತ್ತಾರೆ. ಸತ್ತವರ ಖಾತೆಯನ್ನು ಮೊದಲು ನಿಷ್ಕ್ರಿಯ ಮಾಡಿ, ತೊಂಬತ್ತು ದಿನ ಕಾಯ್ದು, ಕಟ್ಟೆಯ ಮೆಟ್ಟಿಲ ಮೇಲೆ ನಿಂತು ಹೆಸರನ್ನು ಮೂರು ಸಲ ಕೂಗಿ, ಯಾರೂ ಓಗೊಡದಿದ್ದರೆ ಅಳಿಸುತ್ತೇನೆ. ಒಮ್ಮೆ ಒಬ್ಬ ಮುದುಕ ಓಗೊಟ್ಟಿದ್ದ. ಬೀಗರ ಊರಿಗೆ ಹೋಗಿದ್ದನಂತೆ, ಅಷ್ಟೇ.

ಈಗ ನಿಮ್ಮ ವಿಷಯ. ಒಂದು ಶುಕ್ರವಾರ ಸಂಜೆ ಆರಕ್ಕೆ ಹತ್ತು ನಿಮಿಷವಿದ್ದಾಗ ನೀವು ಟೆಂಪ್ 01 ಎಂಬ ತಾತ್ಕಾಲಿಕ ಖಾತೆ ತೆರೆದಿರಿ. ಪ್ರಿಂಟರ್ ರಿಪೇರಿಗೆ ಬಂದವನಿಗೆ ಇರಬೇಕು. ಪಾಸ್‌ವರ್ಡಿಗೆ ಅವಧಿಯೇ ಇಲ್ಲ ಎಂಬಲ್ಲಿ ಗುರುತು ಹಾಕಿದಿರಿ, ವಿವರಣೆಯ ಕಲಂ ಖಾಲಿ ಬಿಟ್ಟಿರಿ, ಮನೆಗೆ ಹೊರಟಿರಿ. ಸೋಮವಾರ ಬಂದು ಅಳಿಸೋಣ ಎಂದುಕೊಂಡಿರಬಹುದು. ಆ ಸೋಮವಾರ ಇನ್ನೂ ಬಂದಿಲ್ಲ.

ನೂರು ವರ್ಷದ ಹಿಂದೆ ನೆರೆ ಬಂದಾಗ ದೋಣಿಯಲ್ಲಿ ಬಂದಿಳಿದ ಒಬ್ಬ ಬಸುರಿ ಹೆಂಗಸಿಗೆ ಅಂದಿನ ಪಾಲಕ ಆ ಖಾತೆ ಕೊಟ್ಟ. ನಮ್ಮಲ್ಲಿ ಹೊಸ ಖಾತೆ ಬೇಕೆಂದರೆ ಊರಿನವರೊಬ್ಬರ ಖಾತೆಯ ಕೆಳಗೆ ಅವರ ಮಗುವೆಂದು ಬರೆಸಬೇಕು; ಅವಳಿಗೆ ಇಲ್ಲಿ ಯಾರೂ ಇರಲಿಲ್ಲ. ಇಂದು ಅವಳ ಮರಿಮೊಮ್ಮಗಳು, ಊರಿನ ಸೂಲಗಿತ್ತಿ ಇಮಾಂಬಿ ಸೇರಿ ಆ ಮನೆಯ ಹನ್ನೊಂದು ಜನ ಅದೊಂದರಲ್ಲೇ ಬದುಕಿದ್ದಾರೆ; ತಾತ್ಕಾಲಿಕ ಖಾತೆಯ ಕೆಳಗೆ ಮಕ್ಕಳನ್ನು ಬರೆಸುವಂತಿಲ್ಲ. ಜನ ಅವರನ್ನು ಟೆಂಪ್ ಮನೆತನದವರು ಎನ್ನುತ್ತಾರೆ, ಮದುವೆ ಕಾಗದದಲ್ಲೂ ಹಾಗೇ ಅಚ್ಚಾಗುತ್ತದೆ. ಕಟ್ಟೆಯ ದಾಖಲೆಯ ಪ್ರಕಾರ ಟೆಂಪ್ 01ಕ್ಕೆ ಇನ್ನೂರು ವರ್ಷ ದಾಟಿದೆ. ಒಂದೇ ಮುಂಜಾನೆ ಅದು ಶಾಲೆಗೂ ಹೋಗುತ್ತದೆ, ಹೆರಿಗೆಗೂ ಮಲಗುತ್ತದೆ. ಹಿಂದಿನ ಪಾಲಕರೆಲ್ಲ ನೋಡಿಯೂ ನೋಡದಂತಿದ್ದರು. ನಾನೂ ಅಷ್ಟೇ.

ಈ ವರ್ಷ ಊರಸಭೆ ನಿಯಮ ಮಾಡಿದೆ: ವಿವರಣೆ ಖಾಲಿಯಿರುವ ಖಾತೆಗಳನ್ನು ತೊಂಬತ್ತು ದಿನ ಕಾಯದೆ ಅಳಿಸಬೇಕು. ವಿವರಣೆಯನ್ನು ಖಾತೆ ತೆರೆದವರೇ ಬರೆದಿರಬೇಕು, ಪಾಲಕರು ಆಮೇಲೆ ತುಂಬುವಂತಿಲ್ಲ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಜನ. ಗಡುವು ನಾಳೆ ಮಧ್ಯಾಹ್ನ. ಇವತ್ತು ಬೆಳಿಗ್ಗೆ ಇಮಾಂಬಿ ಬಂದು ನನ್ನೆದುರು ಕುಳಿತಳು. "ತಂಗಿ, ಈ ಊರಾಗಿನ ಅರ್ಧಾ ಮಂದಿನ್ನ ನಮ್ಮವ್ವ, ನಾ ಕೈಯಾಗ ಹಿಡದೀವಿ. ನಾಳಿಂದ ನಂಗ ಆ ಕೈ ತೊಳಕೊಳ್ಳಾಕ ನೀರಿಲ್ಲೇನವಾ?" ಎಂದಳು. ನಾನು ಹುಟ್ಟಿದಾಗ ಹಿಡಿದವಳು ಅವಳ ತಾಯಿಯೇ. ನನಗೆ ನಾಚಿಕೆಯಾಯಿತು.

ಅದಕ್ಕೇ ಈ ಕಾಗದವನ್ನು ಹಿಂದಂಚೆಗೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಗೆ ಹಾಕುತ್ತಿದ್ದೇನೆ. ಹತ್ತರಲ್ಲಿ ಒಂದೋ ಎರಡೋ ತಲುಪುತ್ತವೆ. ತಲುಪಿದರೆ ಆ ಶುಕ್ರವಾರ ವಿವರಣೆಯ ಕಲಮಿನಲ್ಲಿ ಇಷ್ಟು ಬರೆಯಿರಿ: ಹೆಸರು ಬರೆಸಲು ಯಾರೂ ಇಲ್ಲದೆ ಬಂದವರಿಗೆ. ಸಭೆಯ ಬಾಯಿ ಮುಚ್ಚಿಸಲು ಅಷ್ಟು ಸಾಕು.

ನಾಳೆ ಬೆಳಿಗ್ಗೆ ಹುಡುಕಿ ನೋಡುತ್ತೇನೆ. ಕಲಂ ಖಾಲಿಯೇ ಇದ್ದರೆ ಆ ಹನ್ನೊಂದೂ ಜನರನ್ನು ನನ್ನ ಮಕ್ಕಳೆಂದು ನನ್ನ ಖಾತೆಯ ಕೆಳಗೆ ಬರೆಯುತ್ತೇನೆ. ಮದುವೆಯಾಗದ ಪಾಲಕಿಗೆ ಹನ್ನೊಂದು ಮಕ್ಕಳು, ಅದರಲ್ಲೊಬ್ಬಳು ತಾಯಿಗಿಂತ ಹಿರಿಯಳು ಎಂದು ಊರು ನಗಲಿ. ಕಾಯಿದೆಯ ಪ್ರಕಾರ, ಸುಳ್ಳಾಗಿ ಹೆಸರು ಬರೆಸಿಕೊಂಡವರ ಖಾತೆ ಉಳಿಯುತ್ತದೆ, ಬರೆದವರದು ಹೋಗುತ್ತದೆ. ಆಮೇಲೆ ನನಗೆ ಕುಡಿಯುವ ನೀರು ಇಮಾಂಬಿಯ ಮನೆಯಿಂದಲೇ ಬರಬೇಕು. ಬರೆಯುವುದಂತೂ ಖಂಡಿತ, ಆದರೆ ನನಗೆ ಹೆದರಿಕೆಯಾಗುತ್ತಿದೆ ಗವಿಸಿದ್ದಪ್ಪನವರೇ. ದಯಮಾಡಿ ಮನೆಗೆ ಹೊರಡುವ ಮೊದಲು ಆ ಒಂದು ಸಾಲು ಬರೆಯಿರಿ.

ನೀಲಗಂಗಾ ಹೂಗಾರ