ಕುದಿಸಬಾರದ ಕಲ್ಲು

ಮನೆಯಿಂದ,
ಮಾರ್ಚ್ ೯, ಸೋಮವಾರ

ಪ್ರೀತಿಯ ಮೀನಮ್ಮಾ,

ಹೇಗಿದ್ದೀಯೇ? ಹಡಗಿನ ಓಲಾಟಕ್ಕೆ ಹೊಟ್ಟೆ ತೊಳಸುವುದು ನಿಂತಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲ ಸಮುದ್ರದ ಆಳ ಅಳೆಯುವ ಗಡಿಬಿಡಿಯಲ್ಲಿ ಬಿಸ್ಕತ್ತು ತಿಂದು ದಿನ ದೂಡುತ್ತಿದ್ದೀಯಾ? ಹೊರಡುವಾಗ ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದೆ, ಈರುಳ್ಳಿ ಹೆಚ್ಚುವಾಗ ಕೊಯ್ದುಕೊಂಡೆ ಎಂದಿದ್ದೆ. ಆ ಗಾಯ ಮಾಯಿತು ತಾನೇ? ಇದನ್ನೆಲ್ಲ ಭಾನುವಾರದ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಆಗ ನಿನ್ನಪ್ಪ ಪಕ್ಕದಲ್ಲೇ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುತ್ತಾರೆ. ಅವರ ಕಿವಿಗೆ ಬೀಳಬಾರದ ಮಾತಿದೆ, ಅದಕ್ಕೇ ಈ ಕಾಗದ. ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡ: ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ, ಈಗ ಮಲಗಿದ್ದಾರೆ. ಗಾಬರಿಯೆಲ್ಲ ನನಗೇ ಇರಲಿ.

ನೀನೇನೋ ಸಮುದ್ರಕ್ಕೆ ಹೋದೆ, ಹೋಗುವಾಗ ಒಂದು ಪುಟ್ಟ ಸಮುದ್ರವನ್ನು ನಮ್ಮ ನಡುಮನೆಯಲ್ಲಿ ಬಿಟ್ಟು ಹೋದೆ. ಆ ಮೀನಿನ ಗಾಜಿನ ತೊಟ್ಟಿಯ ನೀರು ಕಡಿಮೆಯಾದರೆ ಶುದ್ಧ ಮಾಡಿದ ಕ್ಯಾನ್ ನೀರನ್ನೇ ಹಾಕಿ ಎಂದಿದ್ದೆ. ಕ್ಯಾನ್ ಖಾಲಿಯಾದಾಗ ಅಪ್ಪ ನಲ್ಲಿಯ ನೀರು ಸುರಿದರು. "ನಾವು ಕುಡಿಯೋ ನೀರು ನಿನ್ನ ಮಗಳ ಮೀನಿಗೆ ಆಗಲ್ವಾ?" ಅಂತ ನನ್ನನ್ನೇ ಕೇಳಿದರು. ಪ್ರೀತಿ ಉಕ್ಕಿ ಮೀನಿಗೆ ತಿಂಡಿಯನ್ನೂ ಧಾರಾಳವಾಗಿ ಉದುರಿಸಿದರು. ಮೀನು ಬಿಟ್ಟಿದ್ದನ್ನೆಲ್ಲ ಪಾಚಿ ತಿಂದಿತು. ಮೊದಲು ಗಾಜಿನ ಮೇಲೆ ಕಂದು ಪುಡಿ ಕೂತಿತು, ಆಮೇಲೆ ಕಲ್ಲುಗಳಿಗೆಲ್ಲ ಹಸಿರು ಕೂದಲು ಬಂತು. ನಿನ್ನ ಬಸವನಹುಳುಗಳು ಮೇಯ್ದು ಮೇಯ್ದು ಸೋತವು. ಅಪ್ಪ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದಷ್ಟೂ ಅದು ಮತ್ತೆ ಚಿಗುರಿತು. ಮಗಳು ಬರುವಷ್ಟರಲ್ಲಿ ತೊಟ್ಟಿ ಪಳಪಳ ಹೊಳೆಯಬೇಕು ಎನ್ನುವುದೊಂದೇ ಅವರ ಜಪ. ಗುಂಡಿ ಹವಳದ ಕಲ್ಲಿನ ತಂಟೆಗೆ ಹೋಗಬೇಡಿ ಎಂದು ನಾನು ಹೇಳುತ್ತಲೇ ಇದ್ದೆ. ಏಕೆ ಎಂದು ಮಾತ್ರ ಹೇಳಲಿಲ್ಲ.

ಹೇಗೆ ಹೇಳಲಿ? ಬಾಯಿಗೆ ಬೀಗ ಹಾಕಿ ಹೋದವಳು ನೀನು. ಶರ್ಟಿನ ಗುಂಡಿಗಳ ಹಾಗೆ ಕಲ್ಲಿಗೆ ಅಂಟಿಕೊಂಡ ಆ ಚಂದದ ಹವಳವನ್ನು ತೋರಿಸಿ, "ಅಮ್ಮಾ, ಇದರೊಳಗೆ ವಿಷ ಇರುತ್ತೆ. ನೀರಲ್ಲಿ ಅದರ ಪಾಡಿಗೆ ಅದು ಇದ್ರೆ ಏನೂ ಮಾಡಲ್ಲ. ಕೆರೆಯಬಾರದು, ಬಿಸಿ ಮಾಡಬಾರದು ಅಷ್ಟೆ. ಅಪ್ಪಂಗೆ ಮಾತ್ರ ಹೇಳ್ಬೇಡ, ತೊಟ್ಟಿನೇ ಎತ್ತಿ ಎಸೀತಾರೆ" ಎಂದೆ. ನಿನ್ನ ಮುಖ ನೋಡಿ ನಾನೂ ಹೂಂ ಅಂದೆ. ಆಸ್ಪತ್ರೆಯ ಕತ್ತರಿ, ಚಾಕುಗಳನ್ನು ಹಬೆಯಲ್ಲಿಟ್ಟು ಶುದ್ಧ ಮಾಡುವ ಕೋಣೆಯಲ್ಲೇ ಜೀವಮಾನ ಕಳೆದ ಮನುಷ್ಯ ಅವರು. ನಮ್ಮ ಬಾಚಣಿಗೆಗಳನ್ನು ಕುದಿಸಿದವರು, ನಿನ್ನ ರಬ್ಬರ್ ಗೊಂಬೆಯನ್ನು ಕುದಿಸಿ ಮೂಗು ಸೊಟ್ಟ ಮಾಡಿದವರು. ಅವರಿಗೆ ಕುದಿಸುವ ಬುದ್ಧಿ ಬಂದೇ ಬರುತ್ತದೆ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲವಲ್ಲೇ!

ಗುರುವಾರ ನಾನು ಬ್ಯಾಂಕಿಗೆ ಹೋಗಿದ್ದೆ. ವಾಪಸು ಬಂದು ಬಾಗಿಲು ತೆಗೆದರೆ ಮನೆಯೆಲ್ಲ ಹಬೆ, ಕೊಳೆತ ಸಮುದ್ರದ ನಾತ. ಒಲೆಯ ಮೇಲೆ ದೊಡ್ಡ ಪಾತ್ರೆ, ಅದರೊಳಗೆ ಆ ಕಲ್ಲು. ಅಪ್ಪ ಕೆಮ್ಮುತ್ತಾ, ಕಣ್ಣಲ್ಲಿ ನೀರು ಸುರಿಸುತ್ತಾ, ಮುಖದ ತುಂಬ ನಗು ಇಟ್ಟುಕೊಂಡು, "ನೋಡೇ, ಒಂದೆಳೆ ಪಾಚಿ ಉಳಿದಿಲ್ಲ!" ಎಂದರು. ಉಸಿರು ಬಿಗಿಹಿಡಿದು ಒಲೆ ಆರಿಸಿ, ಅವರ ರಟ್ಟೆ ಹಿಡಿದು ಬೀದಿಗೆ ಎಳೆದುಕೊಂಡು ಬಂದೆ. ನನಗೆ ತಲೆ ಕೆಟ್ಟಿದೆ ಎಂದು ಅಕ್ಕಪಕ್ಕದವರ ಮುಂದೆಯೇ ಬೈದರು. ಸಂಜೆಯಾಗುವಷ್ಟರಲ್ಲಿ ಮೈಯೆಲ್ಲ ನಡುಕ, ಉಸಿರು ಎಳೆದುಕೊಳ್ಳಲಾಗದೆ ಒದ್ದಾಟ. ಅವರು ದುಡಿದ ಆಸ್ಪತ್ರೆಯಲ್ಲೇ ಅವರ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿದ್ದನ್ನು ನೋಡುತ್ತಾ ನಿಂತೆ. ವೈದ್ಯರನ್ನು ಪಕ್ಕಕ್ಕೆ ಕರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇನ್ನಷ್ಟು ಹೊತ್ತು ಆ ಹಬೆಯಲ್ಲಿ ನಿಂತಿದ್ದರೆ ಉಳಿಯುತ್ತಿರಲಿಲ್ಲ ಎಂದರು. ಅಪ್ಪನಿಗೆ ಮಾತ್ರ ಚಳಿಜ್ವರ ಎಂದೆ. ನಿನಗೆ ಕೊಟ್ಟ ಮಾತು ನೋಡು.

ನನ್ನ ಭಯ ಇನ್ನೂ ಮುಗಿದಿಲ್ಲ. ತೊಟ್ಟಿಯಲ್ಲಿ ಗುಂಡಿ ಹವಳದ ಕಲ್ಲು ಇನ್ನೊಂದಿದೆ, ಅದಕ್ಕೂ ಪಾಚಿ ಹಿಡಿದಿದೆ. ಹಾಸಿಗೆಯಲ್ಲಿ ಮಲಗಿಕೊಂಡೇ ಅಪ್ಪ ಅದರ ಮೇಲೆ ಕಣ್ಣು ನೆಟ್ಟಿದ್ದಾರೆ. "ಸ್ವಲ್ಪ ಸುಧಾರಿಸಿಕೊಳ್ತೀನಿ, ಆಮೇಲೆ ಅದಕ್ಕೂ ಒಂದು ಗತಿ ಕಾಣಿಸ್ತೀನಿ" ಎನ್ನುತ್ತಾರೆ. ದೊಡ್ಡ ಪಾತ್ರೆಯನ್ನು ಪಕ್ಕದ ಮನೆಯಲ್ಲಿ ಇಟ್ಟು ಬಂದಿದ್ದೇನೆ. ಲೈಟರ್ ನನ್ನ ಚೀಲದಲ್ಲಿದೆ. ಸ್ನಾನಕ್ಕೆ ಹೋದರೂ ಮೂಗು ಅಡುಗೆಮನೆಯ ಕಡೆಗೇ. ಹೀಗೆ ಎಷ್ಟು ದಿನ ಕಾವಲು ಕಾಯಲಿ? ನಿನ್ನ ಒಪ್ಪಿಗೆ ಬರುವವರೆಗೆ ತಡೆಯಲಾರೆ, ಅವರು ಎದ್ದ ಕೂಡಲೇ ಎಲ್ಲ ಹೇಳಿಬಿಡುತ್ತೇನೆ. ತೊಟ್ಟಿಯನ್ನು ಬೀದಿಗೆ ಎಸೆದರೆ ಎಸೆಯಲಿ. ನಿನ್ನ ಹವಳಕ್ಕಿಂತ ನನಗೆ ಅವರ ಉಸಿರು ದೊಡ್ಡದು. ಸಿಟ್ಟು ಮಾಡಿಕೊಳ್ಳಬೇಡ.

ಮೈ ಕಡೆ ಜೋಪಾನ, ಕಂದ. ಜೊತೆಯಲ್ಲಿ ಕೆಲಸ ಮಾಡುವವರಿಗೆಲ್ಲ ಈ ಅಮ್ಮನ ನೆನಪು ಹೇಳು. ನೀನು ಇಳಿಯುವ ದಡವೆಲ್ಲ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ.

ಇಂತಿ,
ನಿನ್ನ ಅಮ್ಮ

ಮರೆತ ಮಾತು: ಅಂಚೆಗೆ ಹಾಕಲು ಹೊರಟವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಹೇಳಿಬಿಟ್ಟೆ. ಅಪ್ಪ ಬೈಯಲಿಲ್ಲ, ತೊಟ್ಟಿಯನ್ನೂ ಮುಟ್ಟಲಿಲ್ಲ. "ಅವಳು ದಿನಾ ಬರಿಗೈಲಿ ಆ ಕಲ್ಲು ತಿಕ್ತಾ ಇದ್ಲಲ್ಲೇ, ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡೇ ಹೋದ್ಲಲ್ಲ" ಎಂದರು. ಗಾಯದ ಬಾಯಿಂದಲೂ ಆ ವಿಷ ಮೈಯೊಳಗೆ ಇಳಿಯುತ್ತದೆ ಎಂದು ವೈದ್ಯರು ಹೇಳಿದ್ದು ನನಗೆ ಆಗ ನೆನಪಾಯಿತು. ಬೇರೇನೂ ಬರೆಯದಿದ್ದರೂ ಪರವಾಗಿಲ್ಲ, ಆ ಬೆರಳು ಹೇಗಿದೆ ಎಂದು ನಿಜ ಬರೆ, ಈ ಕಾಗದ ಕೈಗೆ ಸಿಕ್ಕ ದಿನವೇ ಹಡಗಿನ ಡಾಕ್ಟರಿಗೆ ತೋರಿಸು. ಈ ಮನೆಯಲ್ಲಿ ನೀನು ಯಾವತ್ತೇ ಈರುಳ್ಳಿ ಹೆಚ್ಚಿದ್ದೆ?